ಐದನೇ ದಿನದ ಎಣಿಕೆ

ತ್ರಿಯೆಸ್ತೆಯಲ್ಲಿ ಗಾಳಿ ಮೂರು ದಿನದಿಂದ ನಿಂತಿಲ್ಲ.
ಹಿಂದೆ ಬೀದಿಗಳಲ್ಲಿ ಹಗ್ಗ ಕಟ್ಟುತ್ತಿದ್ದರಂತೆ,
ಜನ ಹಿಡಿದು ನಡೆಯಲಿ ಎಂದು.
ಈಗ ಕಂಬಗಳನ್ನೇ ತಬ್ಬುತ್ತಾರೆ.

ನೆಲಮಾಳಿಗೆಯಲ್ಲಿ ನಿವೆಸ್ ಶ್ಕೆರ್ಕ್, ದೀಪ ಆರಿಸಿ,
ಐದು ದಿನದ ಇಲಿಮರಿಯ ಮಿದುಳಿನ
ಈರುಳ್ಳಿ ಪೊರೆಯಂಥ ಚೂರೊಂದನ್ನು
ಲೇಸರಿನ ಕೆಳಗೆ ಇಟ್ಟಿದ್ದಾಳೆ.
ಎಡಗಣ್ಣಿನಿಂದ ಬಂದ ಎಳೆಗಳಿಗೆ ಕೆಂಪು,
ಬಲಗಣ್ಣಿನವಕ್ಕೆ ನೀಲಿ.
ಮರಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ.
ಬೆಳಕೆಂದರೇನು ಗೊತ್ತಿಲ್ಲದ ಕಣ್ಣು
ಮುಚ್ಚಿದ ರೆಪ್ಪೆಯ ಹಿಂದೆ ತಾಲೀಮು ನಡೆಸಿತ್ತು,
ಅಲೆ ಅಲೆಯಾಗಿ,
ಮುಹೂರ್ತಕ್ಕೆ ಮುಂಚೆ ವಾಲಗದವರು ಶ್ರುತಿ ಹಿಡಿದಂತೆ.

ನಡುವೆ ಹಸಿರು. ಕೈಕಾಲು ಚಾಚಿದ ಸಣ್ಣ ಕೋಶ.
ಗ್ಲಿಯಾ ಅಂದರೆ ಅಂಟು; ಹೆಸರಿಟ್ಟವರು ಅವಸರದಲ್ಲಿದ್ದರು.
ಇದು ಅಂಟಿಸುವ ಪೈಕಿ ಅಲ್ಲ.
ಮುಟ್ಟುತ್ತದೆ, ಬಿಡುತ್ತದೆ, ಮತ್ತೆ ಮುಟ್ಟುತ್ತದೆ,
ಸಂತೆಯಲ್ಲಿ ಬದನೆಕಾಯಿ ಆರಿಸುವ ಮುದುಕಿಯ ಹಾಗೆ.
ಆಮೇಲೆ ನುಂಗುತ್ತದೆ.
ಹೊಟ್ಟೆಯೊಳಗೆ ಎರಡು ಕೆಂಪು ಕಾಳು, ಒಂದು ನೀಲಿ.
ನಿವೆಸ್ ಬರೆದುಕೊಳ್ಳುತ್ತಾಳೆ: ಎರಡು, ಒಂದು.
ಮುಂದಿನದು: ಸೊನ್ನೆ, ನಾಲ್ಕು.

ಹೊಸದಾಗಿ ಸೇರಿದ ಹುಡುಗ ಎಲ್ವಿಯೊ ಕೇಳಿದ್ದ:
ಯಾವುದನ್ನು ತಿನ್ನಬೇಕು, ಯಾರು ಹೇಳುತ್ತಾರೆ?
ಯಾರೂ ಇಲ್ಲ. ನಮ್ಮಲ್ಲಾಗಿದ್ದರೆ ಅನ್ನುತ್ತಿದ್ದೆವು,
ಬಾಯಿದ್ದವನು ಬರಗಾಲದಲ್ಲೂ ಬದುಕಿದ.
ಮಾತಾಡುತ್ತಿದ್ದ ಎಳೆ ಉಳಿಯಿತು.
ಸುಮ್ಮನಿದ್ದದ್ದರ ಹಣೆಗೆ ಒಂದು ಪ್ರೋಟೀನು ಬೊಟ್ಟಿಟ್ಟಿತು,
ಬೊಟ್ಟು ಕಂಡಲ್ಲಿ ಬಾಯಿ.

ತಿನ್ನದೆ ಬಿಟ್ಟರೆ?
ಅದೂ ಇದೆ, ಪಕ್ಕದ ಪೆಟ್ಟಿಗೆಯಲ್ಲಿ,
ಬೊಟ್ಟಿಡಲು ಬಾರದ ಇಲಿಗಳದು.
ಅಲ್ಲಿ ಕೆಂಪು ನೀಲಿ ಒಂದರ ಮೇಲೊಂದು ಬಿದ್ದು ನೇರಳೆ.
ಎಲ್ಲವನ್ನೂ ಇಟ್ಟುಕೊಂಡ ಮನೆಯಲ್ಲಿ ಏನೂ ಸಿಗುವುದಿಲ್ಲ.

ನೂರಾ ಹದಿನಾರನೆಯ ಕೋಶದ ಹೊತ್ತಿಗೆ
ಅವಳಿಗೆ ಲೆಕ್ಕ ತಪ್ಪಿತು.
ಮನೆಯಲ್ಲಿ ಏಳು ತಿಂಗಳ ಮಗು, ಬ್ರಿನಾ.
ಇಲಿಗೆ ವಾರಗಳು, ಮನುಷ್ಯರಿಗೆ ವರ್ಷಗಳು; ಕೆಲಸ ಅದೇ.
ಅಪ್ಪನದು ಇಟಾಲಿಯನ್, ಬೀದಿಯದು ಇಟಾಲಿಯನ್,
ಹಾಲಿನ ಡಬ್ಬಿಯ ಮೇಲಿನದೂ.
ನಿವೆಸಳ ಸ್ಲೊವೇನಿಯನ್
ಕಾರ್ಸ್ಟ್ ಗುಡ್ಡದ ಅಜ್ಜಿಯ ಒಲೆಯ ಬಳಿ ಕಲಿತದ್ದು.
ಬಸ್ಸಿನಲ್ಲಿ ಯಾರೋ ತಿರುಗಿ ನೋಡಿದ ದಿನ
ಅದನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡವಳು
ಮಗುವಿಗೆ ಒಂದು ಪದವನ್ನೂ ಕೊಟ್ಟಿರಲಿಲ್ಲ.
ಯಾರೂ ಎಳೆಯದ ಎಳೆ.

ನಾಲ್ಕು ಗಂಟೆಗೆ ಲೇಸರು ಆರಿಸಿ ಹೊರಟಳು.
ಕಸದ ಡಬ್ಬಿಗಳು ರಸ್ತೆಯುದ್ದಕ್ಕೂ ಉರುಳುತ್ತಿದ್ದವು.
ಕೋಟು ಬಿಚ್ಚುವ ಮುಂಚೆ ತೊಟ್ಟಿಲ ಮೇಲೆ ಬಗ್ಗಿದಳು;
ಎದ್ದೇ ಇತ್ತು, ಕಿಟಕಿಯ ಸದ್ದು ಕೇಳುತ್ತ.
ಊರು ಈ ಗಾಳಿಯನ್ನು ಬೋರಾ ಅನ್ನುತ್ತದೆ.
ಬುರ್ಯಾ, ಅಂದಳು ನಿವೆಸ್, ಮೆಲ್ಲಗೆ, ಕದ್ದವಳ ಹಾಗೆ.
ಮಗು ಅವಳ ಬಾಯಿ ನೋಡಿತು.
ಇನ್ನೊಂದು ಸಲ: ಬುರ್ಯಾ.

ಆ ಭಾಷೆಯಲ್ಲಿ ಏಕವಚನ ಬಹುವಚನದ ನಡುವೆ
ಇಬ್ಬರಿಗೆಂದೇ ಒಂದು ವಚನ ಇದೆ.
ಕನ್ನಡದಲ್ಲಿ ನನಗದು ಹೇಳಲು ಬರುವುದಿಲ್ಲ;
ನಾವಿಬ್ಬರು ಅಂದರೆ
ತಲೆ ಎಣಿಸಿದ ಹಾಗಾಗುತ್ತದೆ.
ಒಬ್ಬ ಹೆಂಗಸು, ಇನ್ನೊಬ್ಬಳು, ಬೇರೆ ಯಾರೂ ಇಲ್ಲ,
ಇಷ್ಟೂ ಒಂದೇ ಉಸಿರಿಗೆ:
ಮಿದ್ವೆ, ಅಂದಳು, ಎತ್ತಿಕೊಂಡು.

ಬ್ರಿನಾ ಮ್ಮ್ ಅಂದಿತು.
ಅದು ಯಾವ ಭಾಷೆಯದೂ ಇದ್ದೀತು.