ಶೇಕಡಾ ನಲವತ್ತು

ಟೊಲೀಡೋದಲ್ಲಿ ಮಾರ್ಚ್ ಮಧ್ಯಕ್ಕೆ ಕಚೇರಿ ಮುಚ್ಚಿದರು.
ನಾನು ಹೊತ್ತು ತಂದದ್ದು ಲ್ಯಾಪ್‌ಟಾಪ್, ಒಂದು ಕಳ್ಳಿಯ ಕುಂಡ,
ಇನ್ನೂರ ಹನ್ನೊಂದು ಅನುದಾನಗಳ ಪಟ್ಟಿ.
ಅಡುಗೆಮನೆಯ ಮೇಜಿನ ಮೇಲೆ, ಟೋಸ್ಟರಿನ ಪಕ್ಕ,
ಫೆಡರಲ್ ಸರ್ಕಾರ ಬಂದು ಕೂತಿತು.
ಉಪ್ಪು ಬೇಕಾದರೆ ಅದನ್ನು ತುಸು ಸರಿಸಬೇಕು.

ಇಪ್ಪತ್ತಾರು ವರ್ಷದಿಂದ ನನ್ನ ಕಸುಬು ಇಷ್ಟೆ:
ಬೇರೆಯವರ ಕುತೂಹಲಕ್ಕೆ ರಸೀದಿ ಅಂಟಿಸುವುದು.
ಕೈ ತೊಳೆದುಕೊಳ್ಳಿ, ಕೈ ತೊಳೆದುಕೊಳ್ಳಿ,
ಗೋಡೆಗೋಡೆಯೂ ಹೇಳುತ್ತಿದ್ದ ವರ್ಷ ಅದು.
ನನ್ನ ಕೆಲಸವೋ
ಯಾವುದರಿಂದಲೂ ಕೈ ತೊಳೆದುಕೊಳ್ಳದೆ ಇರುವುದು.

ವಾಷಿಂಗ್ಟನ್ನಿನಿಂದ ಸುತ್ತೋಲೆ ಬಂತು:
ಪ್ರಯೋಗ ನಿಂತರೂ ಸಂಬಳ ಹಾಕಬಹುದು.
ಇನ್ನೊಂದು ಬಂತು: ಹಾಕಬಹುದು, ಆದರೆ.
ಮೂರನೆಯದರಲ್ಲಿ ಬರೀ ಆದರೆ.
ಹುಡುಗರು ಫೋನ್ ಮಾಡಿದರು: ಇಲಿಗಳನ್ನು ಏನು ಮಾಡಲಿ?
ಎಣಿಸಿ, ಅಂದೆ. ಮೊದಲು ಎಣಿಸಿ.
ಆಮೇಲೆ ಮಾಡಬೇಕಾದ್ದನ್ನು ನಾನು ಹೇಳಲಿಲ್ಲ,
ಅವರೂ ಕೇಳಲಿಲ್ಲ.

ಓಡೆಲ್ ಬ್ಯಾಟಿಸ್ಟ್ ಸರೋವರದ ಪಾಚಿ ಓದುವವನು.
ಅರವತ್ತು ಪೆಟ್ಟಿಗೆ ಕೈಗವಸು, ಪಾಚಿಯ ದುಡ್ಡಿನಲ್ಲಿ ಕೊಂಡದ್ದು,
ತನ್ನ ಟ್ರಕ್ಕಿಗೆ ಹೇರಿ
ಆಸ್ಪತ್ರೆಯ ಹಿಂಬಾಗಿಲಲ್ಲಿ ಇಳಿಸಿ ಬಂದ.
"ಜೆನೀವ್, ಇದನ್ನ ಯಾವ ಕಾಲಮ್ಮಿಗೆ ಹಾಕ್ತೀಯ?"
"ಕೇಳಿಸಲಿಲ್ಲ," ಅಂದೆ.
"ಕೈಗವಸು..."
"ಇನ್ನೊಂದು ಸಲ ಹೇಳಬೇಡ, ಮಾರಾಯ."
ಅವನು ನಕ್ಕದ್ದು ಹೇಗಿತ್ತೆಂದರೆ, ಫೋನು ಕಿವಿಯಿಂದ ದೂರ ಹಿಡಿದೆ.

ಅಕ್ಟೋಬರಿನಲ್ಲಿ ಅದೇ ಆಸ್ಪತ್ರೆ,
ಈ ಸಲ ಮುಂಬಾಗಿಲು.

ಜನವರಿಯಲ್ಲಿ ತಂತ್ರಾಂಶ ಅವನಿಗೆ ಪತ್ರ ಬರೆಯಿತು:
ಪ್ರಿಯ ಡಾ. ಬ್ಯಾಟಿಸ್ಟ್, ನಿಮ್ಮ ಶ್ರಮದ ದೃಢೀಕರಣ
ಹದಿನಾಲ್ಕು ದಿನ ತಡವಾಗಿದೆ.
ಇಪ್ಪತ್ತೊಂದು ದಿನ ತಡವಾಗಿದೆ.
ಕೆಂಪಕ್ಷರದಲ್ಲಿ: ಮೂವತ್ತು.
ಪಾಪ, ಅದಕ್ಕೇನು ಗೊತ್ತು.
ಅದರ ಪಾಲಿಗೆ ಮನುಷ್ಯರು ಎರಡೇ ಬಗೆ,
ಸಹಿ ಹಾಕಿದವರು, ಇನ್ನೂ ಹಾಕದವರು.

ಪಾಚಿಗೆ ನಲವತ್ತು, ಪಾಠಕ್ಕೆ ಮೂವತ್ತೈದು,
ಸಮಿತಿ ಗಿಮಿತಿಗೆ ಇಪ್ಪತ್ತೈದು.
ವಾರಕ್ಕೆ ಎಪ್ಪತ್ತು ತಾಸು ದುಡಿದರೂ ನೂರು,
ಇಪ್ಪತ್ತು ದುಡಿದರೂ ನೂರು.
ಎಂಥವನ ಮೊತ್ತವೂ ನೂರು ದಾಟುವಂತಿಲ್ಲ ನಮ್ಮಲ್ಲಿ.

ನಿಯಮ ಹೇಳುತ್ತದೆ: ಅವನೇ ಸಹಿ ಹಾಕಬೇಕು,
ಇಲ್ಲವೇ ಅವನ ಕೆಲಸವನ್ನು ಖುದ್ದು ಬಲ್ಲವರು.
ಬಲ್ಲವರು ಯಾರು? ಸಹಾಯಕಿ ತ್ವಿ ಊರಿಗೆ ಹೋದವಳು
ಡಾ ನಾಂಗಿನಲ್ಲಿ ವಿಮಾನ ಕಾಯುತ್ತಿದ್ದಾಳೆ.
ವಿಭಾಗದ ಮುಖ್ಯಸ್ಥ ಬಂದು ಆರು ವಾರವಾಗಿದೆ.
ಹೆಂಡತಿ ಎಂಬ ಪದ ಆ ಕೈಪಿಡಿಯಲ್ಲೇ ಇಲ್ಲ.
ಆದರೂ ಕ್ಲಾರಿಸ್ಸಾಗೆ ಫೋನ್ ಮಾಡಿದೆ, ಯಾಕೋ.
"ಆಕ್ಸಿಜನ್ ಮುಖವಾಡ ಎತ್ತಿ," ಅಂದಳು,
"ಫ್ರೀಜರ್ ವಿಷಯ ಕೇಳ್ತಿದ್ದ.
ನನ್ನ ವಿಷಯವಲ್ಲ. ಫ್ರೀಜರ್."
ಸ್ವಲ್ಪ ಹೊತ್ತು ಇಬ್ಬರೂ ಲೈನಿನಲ್ಲಿದ್ದೆವು.

ಅವನ ಮಿಂಚಂಚೆಗಳನ್ನು ತೆಗೆದು ನೋಡಿದೆ.
ರಾತ್ರಿ ಎರಡು ನಲವತ್ತು: ಮಾದರಿಗಳು ಮೈನಸ್ ಎಂಬತ್ತರಲ್ಲಿವೆಯಾ?
ನಾಲ್ಕು ಹತ್ತು: ಎಂಟನೇ ಬಾಟಲಿಯ ಮುಚ್ಚಳ ಸಡಿಲ.
ಐದೂವರೆ, ನನಗೆ: ಕೈಗವಸಿನ ಲೆಕ್ಕ ಸರಿಹೋಯಿತಾ?
ಇದಕ್ಕೆ ನಾನು ಉತ್ತರ ಬರೆದಿರಲಿಲ್ಲ.
ಮುದ್ರಿಸಿದೆ. ನಲವತ್ತಮೂರು ಹಾಳೆ.
ಆಮೇಲೆ ಅವನ ಹೆಸರಿನ ಕೆಳಗಿನ ಗೆರೆಯಲ್ಲಿ
ನನ್ನ ಹೆಸರು ಬರೆದೆ, ಪೂರ್ತಿಯಾಗಿ: ಜೆನೀವ್ ವ್ರೋಬೆಲ್.
ಹಾಗೆ ಬರೆಯಬಾರದೆಂದು ತರಬೇತಿ ಕೊಡುವವಳೇ ನಾನು.

ವಸಂತದಲ್ಲಿ ಲೆಕ್ಕಪರಿಶೋಧಕ ಬಂದ, ಅಂದರೆ ಪರದೆಯಲ್ಲಿ,
ಕ್ಯಾಮೆರಾ ಆರಿಸಿದ ಒಂದು ಎಳೆಯ ದನಿ.
"ಈ ಸಹಿ ಯಾರದು?"
ನನ್ನದು.
"ಆಧಾರ?"
ನಲವತ್ತಮೂರು ಹಾಳೆ ಕಳಿಸಿದೆ.
ಬಹಳ ಹೊತ್ತು ಆ ಕಡೆ ಸದ್ದಿಲ್ಲ.
ನಿಮ್ಮ ಮೈಕ್ ಮ್ಯೂಟ್ ಆಗಿದೆ, ಅಂದೆ.
ಇಲ್ಲ, ಅಂದ,
ಓದುತ್ತಿದ್ದೇನೆ.