ಅನಂತ ಅಂದರೆ ಹದಿನಾರು

ಹೊಸನಗರಕ್ಕೆ ದಾರಿ ಗೊತ್ತಾ ಅಂತ
ಶಿವಮೊಗ್ಗದ ಪೆಟ್ಟಿಗೆ ಸಾಗರದ ಪೆಟ್ಟಿಗೆಯನ್ನು ಕೇಳುವುದಿಲ್ಲ.
ಕೇಳದೆಯೇ ಹೇಳುವುದು ಇವುಗಳ ಜಾತಿಗುಣ,
ಅರ್ಧ ನಿಮಿಷಕ್ಕೊಮ್ಮೆ, ಬಾಗಿಲಿಗೆ ಬಂದು ನಿಂತ ನೆರೆಮನೆಯವಳ ಹಾಗೆ:
ನನಗೆ ಇಷ್ಟು ಊರು ಗೊತ್ತು, ಇಷ್ಟಿಷ್ಟು ದೂರ.

ಎಲ್ಲಿ ಗುಡ್ಡ, ಎಲ್ಲಿ ಹೊಳೆ, ಯಾವ ತಿರುವಿನಲ್ಲಿ ಮರ ಬಿದ್ದಿದೆ
ಅದೆಲ್ಲ ಅವಕ್ಕೆ ಬೇಡ.
ಒಂದು ಹೆಸರು, ಒಂದು ಅಂಕಿ,
ಮತ್ತೆ, ಹೇಳಿದವರು ಯಾರು.

ಮೊನ್ನೆ ಸಂಜೆ ಆರೂಕಾಲಿಗೆ
ರಿಪ್ಪನ್‌ಪೇಟೆಯ ಹತ್ತಿರ ಜೇಸಿಬಿಯ ಹಲ್ಲಿಗೆ ಸಿಕ್ಕಿ
ಕೇಬಲ್ಲು ತುಂಡಾಯಿತು.
ಹೊಸನಗರ ಹೋಯಿತು.
ಅಷ್ಟರಲ್ಲಿ ಸಾಗರ ಅಂದಿತು: ನನಗೆ ಗೊತ್ತಲ್ಲ, ಎರಡೇ ಹೆಜ್ಜೆ!
ಅದಕ್ಕೆ ಹೇಳಿಕೊಟ್ಟದ್ದು ಶಿವಮೊಗ್ಗವೇ. ಮರೆತಿತ್ತು.
ಹಾಗಾದರೆ ನನಗೆ ಮೂರು, ಅಂದಿತು ಇದು.
ಹಾಗಾದರೆ ನನಗೆ ನಾಲ್ಕು, ಅಂದಿತು ಅದು.
ಐದು. ಆರು.
ಯಾರದೋ ಪಿಂಚಣಿ ಅರ್ಜಿ, ಯಾರದೋ ಮಗುವಿನ ಫೋಟೋ
ಆಯನೂರು ಆನಂದಪುರ ದಾಟಿ ಹೋಗಿ
ಆನಂದಪುರ ಆಯನೂರು ದಾಟಿ ಬಂದು
ಮತ್ತೆ ಹೋಗಿ.
ಇಲ್ಲದ ದಾರಿಯೊಂದನ್ನು ಇಬ್ಬರೂ
ಒಬ್ಬರನ್ನೊಬ್ಬರು ನಂಬಿ ಸಾಕಿದರು.

ಹದಿನಾರಕ್ಕೆ ನಿಂತಿತು.
ನಮ್ಮ ಶಾಸ್ತ್ರದಲ್ಲಿ ಅನಂತ ಅಂದರೆ ಹದಿನಾರು;
ಅದರಾಚೆ ಊರೇ ಇಲ್ಲ.

ಬಸವಣ್ಯಪ್ಪ ಸರ್ ಟಾರ್ಚು ಬಾಯಲ್ಲಿ ಕಚ್ಚಿಕೊಂಡು
ರ‍್ಯಾಕಿನ ಹಿಂದಿನಿಂದ ಬಂದರು.
"ನೋಡವ್ವಾ, ಯಾರಿಂದ ಕೇಳಿದ್ಯೋ ಅವ್ರಿಗೇ ಅದನ್ನ ತಿರುಗಿ ಹೇಳಬಾರ್ದು.
ಇಷ್ಟೇ. ಉಳಿದೋರಿಗೆ ಹೇಳು."
ಒಂದು ಸಾಲು ಒತ್ತಿದರು. ಚಹಾ ತರಿಸಿದರು.

ಲೋಟ ಹಿಡಿದು ಸುಮ್ಮನೆ ಕೂತೆ.
ಹೋದ ವಾರ ಸಾಗರದ ಮೆಹರುನ್ನಿಸಾಗೆ ಫೋನಿನಲ್ಲಿ ನಾನೇ ಅಂದಿದ್ದೆ:
ಸರ್ ಸ್ವಯಂನಿವೃತ್ತಿಗೆ ಬರೆದುಕೊಟ್ಟಿರಬೇಕು ಕಣೇ,
ಡ್ರಾಯರು ಖಾಲಿ ಮಾಡ್ತಿದ್ದರು.
ಆ 'ಬೇಕು' ಯಾವ ತಿರುವಿನಲ್ಲಿ ಉದುರಿತೋ.
ನಿನ್ನೆ ಅವಳದೇ ಫೋನು:
ನಿಮ್ಮ ಸರ್ ಹೋಗ್ತಾರಂತಲ್ಲ, ತಾರೀಖೂ ಬಂದಿದೆಯಂತೆ.
ಓ, ಹಾಗಾದರೆ ನಿಜವೇ, ಅಂದುಕೊಂಡೆ.
ನನ್ನ ಮಾತೇ ಬೇರೆ ಸೀರೆ ಉಟ್ಟು ಬಂದಿತ್ತು,
ಗುರುತು ಸಿಗಲಿಲ್ಲ.

ಬೆಳಗಿನ ಜಾವ ಕೇಬಲ್ಲು ಕೂಡಿತು.
ಹೊಸನಗರ ಬಂತು, ಒಂದೇ ಹೆಜ್ಜೆ.
ಸರ್ ರಿಜಿಸ್ಟರಿಗೆ ಬರೆದು ಪೆನ್ನು ಮುಚ್ಚಿದರು.
ಅವರನ್ನೇ ಕೇಳಿಬಿಡೋಣವೆಂದು ಬಾಯಿ ತೆರೆದೆ.
ಅರ್ಧ ತೆರೆದ ಡ್ರಾಯರಿನಲ್ಲಿ
ಒಂದು ಸ್ಕ್ರೂಡ್ರೈವರು, ಎರಡು ಲವಂಗ,
ಮಡಚಿಟ್ಟ ಒಂದು ಕಾಗದ.

ಪಟ್ಟಿಯಲ್ಲಿದ್ದೂ ಯಾರಿಗೂ ಸಾರದ ದಾರಿಗಳಿರುತ್ತವೆ.
ಅದನ್ನೂ ಅವರೇ ಕಲಿಸಿದ್ದು.