ತಿಂಗಳಿಗೆ ನೂರಿಪ್ಪತ್ತೊಂಬತ್ತು

ಕೋಡಿಬಾಗದ ನನ್ನ ರೀಚಾರ್ಜ್ ಅಂಗಡಿಗೆ
ಸುಗಂಧಾ ಹರಿಕಂತ್ರ ಬಂದಾಗ ಮಧ್ಯಾಹ್ನ ಎರಡು.
ಬುಟ್ಟಿ ಖಾಲಿ, ಬೆರಳಲ್ಲಿನ್ನೂ ಮಂಜುಗಡ್ಡೆಯ ತಣ್ಪು.
ಫೋನನ್ನು ಸೆರಗಿಗೊರೆಸಿ ಗಾಜಿನ ಮೇಲಿಟ್ಟಳು:
‘ಮಾತಾಡೂಕೆ ದುಡ್ಡು ಕೇಳ್ತದೆ ಇದು.
ಕೊಡೂದಾ, ಬಿಡೂದಾ?’

ಪರದೆಯ ಮೇಲೊಂದು ಬಂಗಾರದ ಕಿರೀಟ.
ಕಟ್ಟಿದರೆ ಹೆಸರಿನ ಪಕ್ಕ ನಕ್ಷತ್ರ,
ಕುಣಿಯುವ ಬೆಕ್ಕು, ಅಳುವ ಆನೆ,
ಒಂದೇ ಗುಂಪಿನಲ್ಲಿ ಎರಡು ಸಾವಿರ ಜನ.
‘ನನ್ನ ಗಿರಾಕಿ ನಲವತ್ಮೂರು,’ ಅಂದಳು,
‘ಅದ್ರಲ್ಲೂ ಹನ್ನೊಂದು ಮಂದಿ ಶ್ರಾವಣದಲ್ಲಿ ಮೀನು ಮುಟ್ಟೂದಿಲ್ಲ.’

ಕಟ್ಟಿಸಿಕೊಂಡರೆ ನನಗೆ ನಾಲ್ಕು ರೂಪಾಯಿ.
ಆದರೂ ಬೇಡ ಅಂದೆ.
ಇಸ್ವಾಣದ ಫೋಟೊ ಹಾಕಲು, ದರ ಬರೆಯಲು,
ಬೈತಖೋಲಕ್ಕೆ ದೋಣಿ ಬಂತೆಂದು ಕೂಗಲು
ಪುಕ್ಕಟೆಯದೇ ಸಾಕು.

ಅವಳು ಏಳಲಿಲ್ಲ. ಬೆರಳು
ಪಟ್ಟಿಯ ಏಳನೆಯ ಸಾಲಿಗಿಳಿಯಿತು.
‘ಇದನ್ನ ಸರೀ ಓದಿ ಹೇಳಿ.’

ಕಳಿಸಿದ ಮಾತನ್ನು ತಿದ್ದಬಹುದು,
ಎಷ್ಟೇ ಹಳೆಯದಾಗಿರಲಿ.

ಮಾಜಾಳಿಯಲ್ಲಿ ತಂಗಿ ರತ್ನಮಾಲಾ.
ಅವ್ವನ ಪಾಟ್ಲಿ. ಅಡವಿಟ್ಟವರು ಯಾರು, ಬಿಡಿಸದವರು ಯಾರು.
ದೋಣಿಗಳು ದಡ ಹತ್ತಿದ ಜೂನಿನ ಒಂದು ರಾತ್ರಿ
ಸುಗಂಧಾ ಬರೆದು ಕಳಿಸಿದ್ದು ಒಂದೇ ಸಾಲು.
ನನಗೆ ತೋರಿಸಿದಳು.
ಇಲ್ಲಿ ಬರೆಯಲಾರೆ,
ಬರೆದರೆ ನಾನೂ ಚಂದಾ ಕಟ್ಟಬೇಕಾದೀತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು
ಎನ್ನುತ್ತಿದ್ದರು ಹಿಂದಿನವರು.
ಈಗ ಆಡಿದ ಮಾತಿಗೊಂದು ದರ ಬಂದಿದೆ,
ಎರಡು ಪಾಲು ಶೆಟ್ಲಿಗಿಂತ ಕಡಿಮೆ.
ಮುತ್ತಿನದು ಇನ್ನೂ ಗೊತ್ತಿಲ್ಲ.

ನೂರರದೊಂದು ಒದ್ದೆ ನೋಟು, ಹತ್ತರವು ಮೂರು.
ಒಂದು ರೂಪಾಯಿ ವಾಪಸ್ ಕೊಟ್ಟೆ.
ಸ್ಟೂಲಿನ ಮೇಲೆ ಕೂತು ಅರ್ಧ ತಾಸು
ಒತ್ತಿದಳು, ಅಳಿಸಿದಳು, ಒತ್ತಿದಳು.
ಆ ಸಾಲಿದ್ದ ಜಾಗದಲ್ಲೀಗ
‘ಊಟ ಆಯ್ತಾ?’
ಅದರಡಿ ಬೂದು ಬಣ್ಣದಲ್ಲಿ ಸಣ್ಣಗೆ: ತಿದ್ದಲಾಗಿದೆ.

‘ಇದೆಂತದು? ತೆಗೀರಿ ಇದನ್ನ.’
ತೆಗೆಯಲು ಬರುವುದಿಲ್ಲ.
‘ಇನ್ನೂ ಸ್ವಲ್ಪ ಕೊಟ್ರೆ?’
ಎಷ್ಟು ಕೊಟ್ಟರೂ.

ಬುಟ್ಟಿ ಎತ್ತಿಕೊಂಡು ಮೆಟ್ಟಿಲಿಳಿದವಳು ತಿರುಗಿ ಬಂದಳು:
‘ಮುಂದಿನ ತಿಂಗಳು ಕಟ್ಟದಿದ್ರೆ
ಹಳೇ ಮಾತು ಮತ್ತೆ ಬರ್ತದಾ?’
ಬರಲಿಕ್ಕಿಲ್ಲ ಅಂದೆ.
ಬರುವುದಿಲ್ಲ ಅನ್ನಬೇಕಿತ್ತು.
ಅಂದಿನಿಂದ ಪ್ರತಿ ಒಂಬತ್ತನೇ ತಾರೀಕು
ನೂರಿಪ್ಪತ್ತೊಂಬತ್ತು ಎಣಿಸಿಡುತ್ತಾಳೆ,
ದೀಪಕ್ಕೆ ಎಣ್ಣೆ ಹಾಕಿದ ಹಾಗೆ.

ದೀಪಾವಳಿ ಕಳೆದು ಒಂದು ಸಂಜೆ
ಮಾಜಾಳಿ ಬಸ್ಸು ತಪ್ಪಿದ ಹೆಂಗಸೊಬ್ಬಳು ಬಂದಳು.
ಅದೇ ಮೂಗು. ಕೈಯಲ್ಲಿ ಗಾಜಿನ ಬಳೆ.
‘ಜೂನ್‌ನಲ್ಲಿ ನನ್ನ ಫೋನು ರಿಪೇರಿಗಿತ್ತು.
ಇದರ ಅಡಿಗೆ ಮೊದಲು ಎಂತ ಇತ್ತು?
ನೋಡೂಕೆ ಎಷ್ಟು ಕಟ್ಟಬೇಕು?’

ಅಂಥ ಪ್ಲ್ಯಾನ್ ಇಲ್ಲ ಅಂದೆ.
ಬಂಗಡೆ ದರ ಇದ್ದಿರಬೇಕು ಬಿಡಿ.

‘ಜೂನ್‌ನಲ್ಲಾ?’ ಅಂದಳು.

ನಾನು ಡಬ್ಬದಲ್ಲಿ
ಇಲ್ಲದ ಚಿಲ್ಲರೆ ಹುಡುಕುತ್ತಿದ್ದೆ.